ಶಾಲು ಹೊದಿಸಿದ್ರಿ, ಗ್ರಾಚುಟಿ ಎಲ್ಲಿ?



ಬರಹ ಸ್ವಲ್ಪ ಉದ್ದ ಐತಿ. ಆದ್ರೂ ಕೊನೀತನಕ ಓದ್ರಿ. ಯಾಕಂದ್ರ ಇದರಾಗ ಬೈಸಿಕೊಳ್ಳೋರ ಪಟ್ಟಿಯಲ್ಲಿ ನಾನೂ ಇದ್ದೀನಿ.

ಮೊನ್ನೆ ಯಲಬುರ್ಗಾ ಕಡೆಯ ಒಬ್ಬ ಅಕ್ಕ ಫೋನ್ ಮಾಡಿದ್ರು. 13 ವರ್ಷ ಒಂದೇ ಸಂಸ್ಥೆಯಲ್ಲಿ ಕ್ಷೇತ್ರ ಕಾರ್ಯಕರ್ತೆಯಾಗಿ ದುಡಿದವರು. ಬೀಜೋತ್ಪಾದನೆಯ ಹೊಲಗಳಿಂದ ಹುಡುಗರನ್ನ ಬಿಡಿಸಿ ಸಾಲಿಗೆ ಸೇರಿಸಿದವರು. ದೇವದಾಸಿ ತಾಯಂದಿರ ಮಾಸಾಶನದ ಅರ್ಜಿ ಹಿಡ್ಕೊಂಡು ತಾಲ್ಲೂಕು ಕಚೇರಿ ಮೆಟ್ಟಿಲು ಸವೆಸಿದವರು. ಮಾರ್ಚ್ 31ಕ್ಕೆ ಯೋಜನೆ ಮುಗೀತು, ಅವರ ಕೆಲಸವೂ ಮುಗೀತು.

"ತಮ್ಮಾ, ಶಾಲು ಹೊದಿಸಿದ್ರು, ಹಾರ ಹಾಕಿದ್ರು, ಹಣ್ಣಿನ ಬುಟ್ಟಿ ಕೊಟ್ರು. ಫೋಟೋನೂ ತೆಗೆದ್ರು. ಹದಿಮೂರು ವರ್ಷಕ್ಕ ಏನಾರ ರೊಕ್ಕ ಬರತೈತೇನ್ರೀ ಅಂತ ಕೇಳಿದೆ. 'ನೀವು ನೌಕರರಲ್ಲಮ್ಮಾ, ಸೇವೆ ಮಾಡಾಕ ಬಂದೋರು' ಅಂದ್ರು. ನಾ ಏನು ಗುಡಿ ಮುಂದ ಸೇವಾ ಮಾಡಿದ್ನೇನು?"

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಯಾಕಂದ್ರೆ ಅದೇ ಸಂಸ್ಥೆಯಲ್ಲಿ ನಾನೂ ಕೆಲವು ವರ್ಷ ತಾಲ್ಲೂಕು ಸಂಯೋಜಕನಾಗಿದ್ದೆ. ಅಕ್ಕನಿಗೆ ಐದು ವರ್ಷ ತುಂಬೋಕೆ ಇನ್ನೂ ಎಂಟು ತಿಂಗಳಿದ್ದಾಗ ಊರ ಹೊರಗಿಂದ ಒಬ್ಬ ಸಲಹೆಗಾರರು ಬಂದು, ಕ್ಷೇತ್ರದವರನ್ನೆಲ್ಲ "ಕನ್ಸಲ್ಟಂಟ್" ಅಂತ ಬದಲಿಸೋ ಒಪ್ಪಂದದ ಮಾದರಿ ಕೊಟ್ಟು ಹೋದ್ರು. ಛಾಪಾ ಕಾಗದ ಹಿಡ್ಕೊಂಡು ಊರೂರಿಗೆ ಹೋದವನು ನಾನು. "ಆಡಿಟ್‌ಗೆ ಬೇಕಂತ ಅಕ್ಕಾ, ಇಲ್ಲೊಂದು ಸಹಿ ಹಾಕ್ರಿ" ಅಂದೆ. ಅಕ್ಕ ಓದಲಿಲ್ಲ. ಕೇಳಿದವನು ತಮ್ಮ ಕೇರಿಯ ಹುಡುಗ, ಓದೋದೇನು ಅಂತ ಹಾಕಿಬಿಟ್ರು.

ಆವಾಗ ನನಗೆ ಕಾನೂನು ಗೊತ್ತಿರಲಿಲ್ಲ ಅನ್ನೋದು ಅರ್ಧ ಸತ್ಯ. ಕೇಳಿ ತಿಳ್ಕೊಂಡಿದ್ರೆ ನನ್ನ ಕೆಲಸ ಹೋಗ್ತಿತ್ತು ಅನ್ನೋದು ಉಳಿದರ್ಧ.

ಸಂಸ್ಥೆಯ ಹೆಸರು ಹೇಳ್ತಿಲ್ಲ. ಹೆದರಿಕೆಯಿಂದಲ್ಲ. ಹೆಸರು ಹೇಳಿದ್ರೆ ಉಳಿದ ಸಂಸ್ಥೆಗಳವರೆಲ್ಲ "ಅದು ಅವರ ಸಮಸ್ಯೆ" ಅಂತ ಈ ಪೋಸ್ಟಿಗೆ ಲೈಕ್ ಒತ್ತಿ ಮಲಗಿಬಿಡ್ತಾರೆ. ಇದು ಒಂದು ಸಂಸ್ಥೆಯ ರೋಗ ಅಲ್ಲ.

ಮೊದಲು ಒಂದು ಲೆಕ್ಕ. ಅಕ್ಕನ ಕೊನೆಯ ತಿಂಗಳ ಸಂಬಳ 10,400 ರೂಪಾಯಿ. ಗ್ರಾಚುಟಿ ಲೆಕ್ಕಕ್ಕೆ ತಿಂಗಳ ಸಂಬಳವನ್ನ 26ರಿಂದ ಭಾಗಿಸಬೇಕು: ದಿನಕ್ಕೆ 400. ವರ್ಷಕ್ಕೆ 15 ದಿನದಂತೆ 6,000. ಹದಿಮೂರು ವರ್ಷಕ್ಕೆ 78,000 ರೂಪಾಯಿ. ಇದು ಕೋಟಿ ಕೇಳೋ ಜಗಳ ಅಲ್ಲ. ಆದ್ರೆ ಒಂದು ಮನೆಗೆ 78,000 ಅಂದ್ರೆ ಮಗಳ ನರ್ಸಿಂಗ್ ಫೀಸು, ಸಂಘದ ಸಾಲ ತೀರೋದು, ಸೋರೋ ಮನೆಗೆ ತಗಡು.

ಇನ್ನೊಂದು ಹೋಲಿಕೆ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಜನರಿಗೆ ಖಾತ್ರಿ ಕೂಲಿ ಕೊಡಿಸೋಕೆ ಅರ್ಜಿ ಬರೆದುಕೊಡೋ ಅಕ್ಕನಿಗೆ ಬರ್ತಿದ್ದದ್ದು ಅದಕ್ಕಿಂತ 30 ರೂಪಾಯಿ ಮಾತ್ರ ಹೆಚ್ಚು. ಅದರಾಗ ಬಸ್ ಚಾರ್ಜು, ಮೊಬೈಲ್ ಕರೆನ್ಸಿ ಅವರದೇ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಲ್ಕು ತಾಲ್ಲೂಕಿನಲ್ಲಿ ಸಂಸ್ಥೆಗಳ ಕ್ಷೇತ್ರ ಕೆಲಸ ಮಾಡೋರು ಯಾರು ಅಂತ ನೀವೇ ನೆನಪು ಮಾಡ್ಕೊಳ್ರಿ. ಎಚ್‌ಐವಿ ಕೆಲಸ, ಟಿಬಿ ಕೆಲಸ, ಬಾಲಕಾರ್ಮಿಕರ ಕೆಲಸ, ಜಲಾನಯನ, ಸ್ವಸಹಾಯ ಸಂಘ. ಬಿಸಿಲಾಗ ಸೈಕಲ್ ತುಳಿಯೋರು ನಮ್ಮ ಮಾದಿಗ, ಹೊಲೆಯ, ನಾಯಕ, ಲಂಬಾಣಿ, ಮುಸ್ಲಿಂ ಮನೆಗಳ ಹೆಣ್ಮಕ್ಕಳು. ದೇವದಾಸಿ ತಾಯಂದಿರ ಮಕ್ಕಳು. ಎ.ಸಿ. ಹಾಲಿನಲ್ಲಿ ಪವರ್‌ಪಾಯಿಂಟ್ ತೋರಿಸೋರು ಯಾರು ಅಂತ ನಾ ಹೇಳೋದು ಬೇಡ. ವರದಿಯ ಮುಖಪುಟದಲ್ಲಿ ನಮ್ಮ ಫೋಟೋ ಇರ್ತದೆ, ಸಂಬಳದ ಪಟ್ಟಿಯ ಕೊನೇ ಸಾಲಿನಲ್ಲಿ ನಮ್ಮ ಹೆಸರಿರ್ತದೆ.

ಅಕ್ಕ ಕೇಳಿದ ಪ್ರಶ್ನೆಗೆ ಬರ್ತೀನಿ. "ಸೇವೆ" ಅನ್ನೋ ಪದ ನಮ್ಮ ಕೇರಿಗೆ ಹೊಸದಲ್ಲ. ಗೌಡರ ಮನೆ ಅಂಗಳ ಗುಡಿಸೋದು ಸೇವೆ. ಸತ್ತ ದನ ಎಳೆಯೋದು ಸೇವೆ. ಹಲಗಿ ಬಡಿಯೋದು ಸೇವೆ. ಮುತ್ತು ಕಟ್ಟಿಸ್ಕೊಳ್ಳೋದು ದೇವರ ಸೇವೆ. ನಮ್ಮ ಹಿರಿಯರ ಯಾವ ದುಡಿಮೆಗೆ ಕೂಲಿ ಕೊಡಬಾರದು ಅಂತ ಊರು ತೀರ್ಮಾನ ಮಾಡಿತ್ತೋ ಅದಕ್ಕೆಲ್ಲ ಸೇವೆ ಅಂತ ಹೆಸರಿಟ್ಟಿತ್ತು. ಬಿಟ್ಟಿ ಚಾಕರಿಯನ್ನ ಸಂವಿಧಾನದ 23ನೇ ವಿಧಿ ನಿಷೇಧಿಸಿತು. 1982ರಲ್ಲಿ ದೆಹಲಿಯ ಏಷ್ಯಾಡ್ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸೋದೂ 23ನೇ ವಿಧಿ ಹೇಳೋ ಬಲವಂತದ ದುಡಿಮೆಯೇ ಅಂತ ಹೇಳಿತು. ಹೊಟ್ಟೆಹಸಿವು ಕೂಡ ಒಂದು ಬಲವಂತವೇ ಅನ್ನೋದು ಆ ತೀರ್ಪಿನ ತಿರುಳು. ಜೀತದ ಬಗ್ಗೆ ತರಬೇತಿ ಕೊಡೋ ಸಂಸ್ಥೆಗಳು ಈ ತೀರ್ಪನ್ನ ತಮ್ಮ ಸ್ವಂತ ಹಾಜರಿ ಪುಸ್ತಕದ ಪಕ್ಕ ಇಟ್ಕೊಂಡು ಓದಬೇಕು.

ಈಗ ಕಾನೂನಿನ ಮಾತು. ಈ ಕಥೆಯ ನಡುವೆ ನಮ್ಮ ಕರ್ನಾಟಕವೇ ಇದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ಬೆಂಗಳೂರು ಜಲಮಂಡಳಿ ತನ್ನ ಕೆಲವು ನೌಕರರಿಗೆ ದಂಡ ಹಾಕಿ ಹಣ ಹಿಡ್ಕೊಂಡಿತ್ತು. ರಾಜಪ್ಪ ಮತ್ತು ಜೊತೆಗಾರರು ಕಾರ್ಮಿಕ ನ್ಯಾಯಾಲಯಕ್ಕೆ ಹೋದ್ರು. ಮಂಡಳಿ ಹೇಳಿದ್ದು: ನಾವು ಜನರಿಗೆ ನೀರು ಕೊಡೋರು, ನಾವು ಉದ್ಯಮ ಅಲ್ಲ, ಕೈಗಾರಿಕಾ ವಿವಾದಗಳ ಕಾಯ್ದೆ ನಮಗೆ ಅನ್ವಯಿಸಲ್ಲ. ಕೇಸು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠದವರೆಗೂ ಹೋಯ್ತು. 1978ರ ಫೆಬ್ರುವರಿ 21ರಂದು ತೀರ್ಪು ಬಂತು. ಮುಖ್ಯ ತೀರ್ಪು ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ವ್ಯವಸ್ಥಿತವಾಗಿ ನಡೆಯೋ ಕೆಲಸ, ಕೆಲಸ ಕೊಡೋರು ಮಾಡೋರು ಸೇರಿ ನಡೆಸೋದು, ಜನರಿಗೆ ಬೇಕಾದ ವಸ್ತು ಅಥವಾ ಸೇವೆ ಅದರಿಂದ ಸಿಗೋದು, ಇಷ್ಟಿದ್ರೆ ಅದು ಉದ್ಯಮ. ಲಾಭ ಇಲ್ಲ ಅನ್ನೋದು ನೆಪ ಆಗಲ್ಲ.

ದಾನಧರ್ಮದ ಸಂಸ್ಥೆಗಳ ಬಗ್ಗೆ ಆ ತೀರ್ಪು ಮೂರು ಬಗೆ ಮಾಡಿತು. ವ್ಯಾಪಾರ ಮಾಡಿ ಲಾಭವನ್ನ ದಾನಕ್ಕೆ ಕೊಡೋದು ಒಂದು. ಲಾಭ ಇಲ್ಲದೆ, ಆದ್ರೆ ಸಂಬಳಕ್ಕೆ ಜನರನ್ನಿಟ್ಟು ಬಡವರಿಗೆ ಸೇವೆ ಕೊಡೋದು ಎರಡನೇದು. ಇವೆರಡೂ ಉದ್ಯಮವೇ. ಮೂರನೇದು, ಆಶ್ರಮದಂಥ ಜಾಗದಲ್ಲಿ ಕೂಲಿಯ ಆಸೆ ಇಲ್ಲದೆ ಮನಸ್ಸಿನಿಂದ ಬಂದು ದುಡಿಯೋದು. ಅದು ಮಾತ್ರ ಉದ್ಯಮ ಅಲ್ಲ. ಧರ್ಮ ಮಾಡ್ತಿರೋನು ಯಜಮಾನ, ಕೆಲಸದವನಲ್ಲ. ಯಜಮಾನನ ಪುಣ್ಯಕ್ಕೆ ಕೆಲಸದವನು ಯಾಕೆ ಹಸಿದಿರಬೇಕು? ತೀರ್ಪಿನಿಂದ ನಾ ಕಲಿತದ್ದು ಇದು.

ನಮ್ಮ ಜಿಲ್ಲೆಯ ಎಷ್ಟೋ ಸಂಸ್ಥೆಗಳು ಎರಡನೇ ಬಗೆಯವು. ಆದ್ರೆ ಸಂಬಳದ ಮಾತು ಬಂದಾಗ ಮಾತ್ರ ಎಲ್ಲರೂ ಮೂರನೇ ಬಗೆಯ ಆಶ್ರಮ ಆಗಿಬಿಡ್ತಾರೆ.

1982ರಲ್ಲಿ ಸಂಸತ್ತು ಕಾಯ್ದೆ ತಿದ್ದಿ ದಾನಧರ್ಮದ ಸಂಸ್ಥೆ, ಆಸ್ಪತ್ರೆ, ಶಿಕ್ಷಣ ಸಂಸ್ಥೆಗಳನ್ನ ಉದ್ಯಮದಿಂದ ಹೊರಗಿಟ್ಟಿತು. ಆ ಭಾಗ ಯಾವತ್ತೂ ಜಾರಿಗೆ ಬರಲಿಲ್ಲ. ಹಂಗಾಗಿ ರಾಜಪ್ಪ ಪ್ರಕರಣದ ನೆರಳು ನಮ್ಮ ಮೇಲೆ ನಲವತ್ತೇಳು ವರ್ಷ ಇತ್ತು. ನಮಗೇ ಗೊತ್ತಿರಲಿಲ್ಲ, ಅಷ್ಟೇ. 240 ದಿನ ದುಡಿದವರನ್ನ ಕೆಲಸ ಇಲ್ಲ ಅಂತ ತೆಗೆಯಬೇಕಾದ್ರೆ ಒಂದು ತಿಂಗಳ ನೋಟಿಸ್, ವರ್ಷಕ್ಕೆ 15 ದಿನದ ಪರಿಹಾರ ಕೊಡಬೇಕಿತ್ತು. ಎಷ್ಟು ಮಂದಿ ಕೇಳಿದ್ವಿ?

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅದರಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ, ಪೂರ್ತಿಯಾಗಿ ಅಥವಾ ಬಹುಪಾಲು ದಾನಧರ್ಮ, ಸಮಾಜಸೇವೆ, ಪರೋಪಕಾರದಲ್ಲಿ ತೊಡಗಿದ ಸಂಘಟನೆಗಳು ನಡೆಸೋ ಸಂಸ್ಥೆಗಳನ್ನ "ಉದ್ಯಮ" ಅನ್ನೋ ಪದದಿಂದ ಹೊರಗೆ ಹಾಕಿದೆ. ಅಂದ್ರೆ ಕೆಲಸದಿಂದ ಕಿತ್ತು ಹಾಕಿದಾಗ ಕೈಗಾರಿಕಾ ನ್ಯಾಯಮಂಡಳಿಯ ಬಾಗಿಲು ಬಡಿಯೋ ದಾರಿ ನಮಗೆ ಮುಚ್ಚಿತು. ಕಾರ್ಮಿಕ ಸಂಘಟನೆಗಳು ಸಂಹಿತೆಗಳ ವಿರುದ್ಧ ಬೀದಿಗಿಳಿದವು. ಆದ್ರೆ ನಮ್ಮ ವಲಯದಲ್ಲಿ ಈ ಒಂದು ಸಾಲಿನ ಬಗ್ಗೆ ನಾ ಒಂದು ಭಾಷಣ ಕೇಳಲಿಲ್ಲ. ಯಾಕಂದ್ರೆ ಭಾಷಣ ಮಾಡೋರಲ್ಲಿ ಎಷ್ಟೋ ಮಂದಿಗೆ ಅದು ಅನುಕೂಲವಾದ ಸಾಲು.

ಆದ್ರೆ ಎಲ್ಲಾ ಬಾಗಿಲು ಮುಚ್ಚಿಲ್ಲ. ಇದನ್ನ ದಯವಿಟ್ಟು ಸೇವ್ ಮಾಡಿ ಇಟ್ಕೊಳ್ರಿ.

ಉದ್ಯಮ ಅಲ್ಲ ಅಂತ ಹೇಳಿರೋದು ಕೈಗಾರಿಕಾ ಸಂಬಂಧಗಳ ಸಂಹಿತೆ. ಪಿ.ಎಫ್., ಗ್ರಾಚುಟಿ, ಹೆರಿಗೆ ಸೌಲಭ್ಯ ಬರೋದು ಸಾಮಾಜಿಕ ಭದ್ರತಾ ಸಂಹಿತೆಯಿಂದ. ಒಂದರ ವಿನಾಯ್ತಿಯನ್ನ ಇನ್ನೊಂದಕ್ಕೆ ಎಳೆದು ಹಾಕೋ ಸಲಹೆಗಾರರಿಗೆ "ಯಾವ ಸೆಕ್ಷನ್ ಸರ್?" ಅಂತ ಕೇಳ್ರಿ. ಹತ್ತು ಮತ್ತು ಹೆಚ್ಚು ಜನ ದುಡಿಯೋ ಕಡೆ ಗ್ರಾಚುಟಿ, ಇಪ್ಪತ್ತು ಮತ್ತು ಹೆಚ್ಚು ಜನ ಇರೋ ಕಡೆ ಪಿ.ಎಫ್. ಸಾಮಾನ್ಯವಾಗಿ ಐದು ವರ್ಷಕ್ಕೆ ಗ್ರಾಚುಟಿ. ನಿಗದಿತ ಅವಧಿಯ ಒಪ್ಪಂದದ ನೌಕರರಿಗೆ ಈಗ ಒಂದು ವರ್ಷ ದುಡಿದ್ರೂ ಲೆಕ್ಕ ಹಾಕಿ ಕೊಡಬೇಕು. ಅಂದ್ರೆ ಪ್ರಾಜೆಕ್ಟ್ ಇರೋವರೆಗೆ ಅಂತ ನೇಮಿಸಿಕೊಂಡು "ಪ್ರಾಜೆಕ್ಟ್ ಮುಗೀತು, ನಡೀರಿ" ಅನ್ನೋ ಹಳೇ ಆಟ ಪುಕ್ಕಟೆ ಆಗಲ್ಲ. ವೇತನ ಸಂಹಿತೆ ಪ್ರಕಾರ ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಕೊಡಬೇಕು. ಕೆಲಸ ಬಿಟ್ಟವರ, ಬಿಡಿಸಿದವರ ಸಂಬಳ ಬಾಕಿ ಎರಡು ಕೆಲಸದ ದಿನದೊಳಗೆ ತೀರಿಸಬೇಕು.

"ನಾವು ಕೊಡೋದು ಸಂಬಳ ಅಲ್ಲ, ಗೌರವಧನ" ಅನ್ನೋರಿಗೆ 2022ರ ಏಪ್ರಿಲ್ 25ರ ತೀರ್ಪು ತೋರಿಸ್ರಿ. ಗುಜರಾತಿನ ದಾಹೋದ್ ಜಿಲ್ಲೆಯ ಅಂಗನವಾಡಿ ತಾಯಂದಿರ ಪ್ರಕರಣ. ಗೌರವಧನ ಅಂತ ಕರೆದ ಮಾತ್ರಕ್ಕೆ ಗ್ರಾಚುಟಿ ತಪ್ಪಲ್ಲ, ಅದೂ ವೇತನವೇ ಅಂತ ಸುಪ್ರೀಂ ಕೋರ್ಟ್ ಹೇಳಿತು. ಸರ್ಕಾರಕ್ಕೇ ಈ ಮಾತು ಅನ್ವಯಿಸಿದ ಮೇಲೆ ಸಂಸ್ಥೆಗಳು ಯಾವ ಲೆಕ್ಕ?

"ಅವರು ಕನ್ಸಲ್ಟಂಟ್" ಅನ್ನೋರಿಗೂ ಉತ್ತರ ಇದೆ. 1978ರಲ್ಲೇ ಕೇರಳದ ಹಗ್ಗದ ಕಾರ್ಖಾನೆಯೊಂದರ ಪ್ರಕರಣದಲ್ಲಿ ಅದೇ ಕೃಷ್ಣ ಅಯ್ಯರ್ ಹೇಳಿದ್ದು ಇಷ್ಟೇ: ಕಾಗದದ ಮೇಲೆ ಏನು ಬರೆದೀರಿ ಅಂತಲ್ಲ, ಯಾರು ಕೈ ಬಿಟ್ರೆ ಕೆಲಸದವನ ಅನ್ನ ನಿಲ್ತದೋ ಅವರೇ ಮಾಲೀಕರು. ಯೋಚನೆ ಮಾಡ್ರಿ. ಕನ್ಸಲ್ಟಂಟ್ ಅಂದ್ರೆ ತನ್ನ ಪರಿಣತಿಯನ್ನ ಹತ್ತು ಕಡೆ ಮಾರೋನು. ನಮ್ಮ ಅಕ್ಕ ಬೆಳಿಗ್ಗೆ 9ಕ್ಕೆ ಹಾಜರಿ ಹಾಕಬೇಕು, ಸಂಜೆ ವಾಟ್ಸಾಪ್ ಗುಂಪಿಗೆ ಫೋಟೋ ಕಳಿಸಬೇಕು, ರಜಾ ಕೇಳಿ ತಗೋಬೇಕು, ಬೇರೆ ಕಡೆ ದುಡಿಯೋಂಗಿಲ್ಲ. ಇಷ್ಟೆಲ್ಲ ಹಿಡಿತ ಇಟ್ಕೊಂಡು ಕನ್ಸಲ್ಟಂಟ್ ಅಂತ 10 ಪರ್ಸೆಂಟ್ ಟಿ.ಡಿ.ಎಸ್. ಬೇರೆ ಮುರೀತಾರೆ. ರಿಟರ್ನ್ ಹಾಕಿದ್ರೆ ವಾಪಸ್ ಬರ್ತದೆ ಅಂತ ಹೇಳಿಕೊಡೋರಿಲ್ಲ.

ಸಲಹೆಗಾರರ ಬಗ್ಗೆ ನಾಲ್ಕು ಮಾತು. ಆಡಿಟರ್, ವಕೀಲರು, "ಎಚ್.ಆರ್. ಎಕ್ಸ್‌ಪರ್ಟ್" ಅಂತ ಬರೋರು. ನಾ ಕಣ್ಣಾರೆ ಕಂಡ ಉಪಾಯಗಳಿವು: ಸಿಬ್ಬಂದಿಯನ್ನ 19ಕ್ಕೆ ನಿಲ್ಲಿಸೋದು. ಒಂದೇ ಕಟ್ಟಡದಲ್ಲಿ ಎರಡು ಟ್ರಸ್ಟ್ ಮಾಡಿ ಜನರನ್ನ ಹಂಚೋದು. 11 ತಿಂಗಳಿಗೊಮ್ಮೆ ಬಿಡುಗಡೆ ಪತ್ರ ಕೊಟ್ಟು ವಾರ ಬಿಟ್ಟು ಮತ್ತೆ ನೇಮಕ ಮಾಡೋದು. 12,000ಕ್ಕೆ ಸಹಿ ಹಾಕಿಸಿ 9,000 ಕೈಗಿಟ್ಟು ಉಳಿದದ್ದಕ್ಕೆ "ಸ್ವಇಚ್ಛೆಯ ದೇಣಿಗೆ" ರಸೀದಿ ಹರಿಯೋದು. ಇದನ್ನೆಲ್ಲ ಹೇಳಿಕೊಟ್ಟವರು ಬಿಲ್ ಮಾಡಿ ಫೀಸು ತಗೊಂಡು ಹೋಗ್ತಾರೆ. ನಾಳೆ ಪಿ.ಎಫ್. ಕಚೇರಿಯಿಂದ ಬಡ್ಡಿ, ದಂಡ ಸೇರಿ ನೋಟಿಸ್ ಬಂದ್ರೆ ಅದು ಬರೋದು ಸಂಸ್ಥೆಗೆ. ಒಳ್ಳೆ ಮನಸ್ಸಿನ ಎಷ್ಟೋ ನಿರ್ದೇಶಕರು ಇಂಥ ಸಲಹೆ ನಂಬಿ ಸಂಸ್ಥೆಯನ್ನೇ ಅಪಾಯಕ್ಕೆ ಒಡ್ಡಿದ್ದಾರೆ. ಒಳ್ಳೆ ಸಲಹೆಗಾರರೂ ಇದ್ದಾರೆ. ಅವರು ಮೊದಲ ದಿನವೇ "ನೇಮಕಾತಿ ಪತ್ರ ಎಲ್ಲಿ?" ಅಂತ ಕೇಳ್ತಾರೆ.

ಸಂಸ್ಥೆಗಳ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. 2020ರಲ್ಲಿ ಎಫ್‌ಸಿಆರ್‌ಎ ತಿದ್ದುಪಡಿ ಮಾಡಿ ಆಡಳಿತ ವೆಚ್ಚದ ಮಿತಿಯನ್ನ 50 ಪರ್ಸೆಂಟ್‌ನಿಂದ 20ಕ್ಕೆ ಇಳಿಸಿದ್ರು. ದೊಡ್ಡ ಸಂಸ್ಥೆ ತನಗೆ ಬಂದ ವಿದೇಶಿ ಹಣದಲ್ಲಿ ತಾಲ್ಲೂಕಿನ ಸಣ್ಣ ಸಂಸ್ಥೆಗೆ ಪಾಲು ಕೊಡೋದನ್ನೇ ನಿಲ್ಲಿಸಿದ್ರು. ಇದು ದಮನ. ಇದರ ವಿರುದ್ಧ ನಾವು ಸಂಸ್ಥೆಗಳ ಜೊತೆ ನಿಂತಿದ್ದೀವಿ, ನಿಲ್ತೀವಿ. ಆದ್ರೆ ಸಂಸ್ಥೆಯ ಉದ್ದೇಶಕ್ಕೇ ನೇರವಾಗಿ ದುಡಿಯೋರ ಸಂಬಳ, ಅಂದ್ರೆ ಶಾಲೆಯ ಶಿಕ್ಷಕರು, ಆಸ್ಪತ್ರೆಯ ವೈದ್ಯರ ಸಂಬಳದಂಥದ್ದು, ನಿಯಮದ ಪ್ರಕಾರ ಆಡಳಿತ ವೆಚ್ಚಕ್ಕೆ ಸೇರಲ್ಲ. ಕ್ಷೇತ್ರದ ಹೆಣ್ಮಗಳ ಪಿ.ಎಫ್. ಕಡಿಯೋಕೆ 20 ಪರ್ಸೆಂಟ್ ನೆಪ ಹೇಳಬ್ಯಾಡ್ರಿ.

ಇನ್ನು ದಾನಿಗಳು. ಅವರ ಬಜೆಟ್ ಫಾರಂನಲ್ಲಿ ಬ್ಯಾನರಿಗೆ ಕಾಲಂ ಇರ್ತದೆ, ಗ್ರಾಚುಟಿಗೆ ಇರಲ್ಲ. ಗ್ರಾಚುಟಿ ಅಂದ್ರೆ ತಿಂಗಳ ಸಂಬಳದ 4.81 ಪರ್ಸೆಂಟ್ ಎತ್ತಿಡೋದು. ಅಕ್ಕನ ಲೆಕ್ಕದಲ್ಲಿ ತಿಂಗಳಿಗೆ 500 ರೂಪಾಯಿ. ಒಂದು ಕಾರ್ಯಾಗಾರದ ಮಧ್ಯಾಹ್ನದ ಊಟದ ಖರ್ಚಿನಲ್ಲಿ ಒಬ್ಬರ ವರ್ಷದ ಗ್ರಾಚುಟಿ ಹುಟ್ಟತದ.

ಕೆಲವು ಹಿರಿಯರು ನನಗೆ ಹೇಳೋದು ಗೊತ್ತು: "ನಾವು ದಲಿತ ಸಂಘರ್ಷ ಸಮಿತಿಯಲ್ಲಿ ಸಂಬಳ ಕೇಳಿದ್ವಾ? ರೊಟ್ಟಿ ಕಟ್ಕೊಂಡು ನಡ್ಕೊಂಡು ಹೋಗ್ತಿದ್ವಿ." ನಿಜ ಸರ್. ಆ ರೊಟ್ಟಿಯ ಋಣ ನನ್ನ ಮೇಲೂ ಇದೆ. ಆದ್ರೆ ಚಳವಳಿಯಲ್ಲಿ ನಾಯಕನೂ ರೊಟ್ಟಿ ಕಟ್ಕೊಂಡೇ ಬರ್ತಿದ್ದ. ಎಲ್ಲರೂ ಬರಿಗಾಲಲ್ಲಿ ನಡೆದ್ರೆ ಅದು ಚಳವಳಿ. ಒಬ್ಬರು ಕಾರಲ್ಲಿ, ಒಬ್ಬರು ಬರಿಗಾಲಲ್ಲಿ ಹೋದ್ರೆ ಅದು ನೌಕರಿ. ನೌಕರಿಗೆ ಕಾನೂನು ಇದೆ.

ಬಾಬಾಸಾಹೇಬರು 1936ರಲ್ಲಿ ಕಟ್ಟಿದ ಪಕ್ಷದ ಹೆಸರೇ ಸ್ವತಂತ್ರ ಕಾರ್ಮಿಕ ಪಕ್ಷ. 1938ರಲ್ಲಿ ಮನ್ಮಾಡ್‌ನಲ್ಲಿ ರೈಲ್ವೆಯ ದಲಿತ ಕಾರ್ಮಿಕರ ಮುಂದೆ ನಿಂತು, ಬ್ರಾಹ್ಮಣ್ಯ ಮತ್ತು ಬಂಡವಾಳಶಾಹಿ ಎರಡೂ ನಿಮ್ಮ ಶತ್ರು ಅಂದ್ರು. 1942ರಿಂದ 46ರವರೆಗೆ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ರು. ಕನಿಷ್ಠ ವೇತನದ ಮಸೂದೆ ಮೊದಲು ಮಂಡಿಸಿದವರು ಅವರೇ. ಅವರ ಫೋಟೋಗೆ ಹಾರ ಹಾಕಿದ ಕಚೇರಿಯಲ್ಲಿ ಕನಿಷ್ಠ ವೇತನ ಇಲ್ಲ ಅಂದ್ರೆ ಆ ಹಾರ ಯಾರಿಗೆ?

ಹೆಣ್ಮಕ್ಕಳ ಮಾತು ಬೇರೆಯಾಗಿ ಹೇಳಬೇಕು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಸ್ವಯಂಸೇವಾ ಸಂಸ್ಥೆಗಳಿಗೂ ಅನ್ವಯಿಸ್ತದೆ. ಸ್ವಯಂಸೇವಕಿ, ತರಬೇತಿಗೆ ಬಂದವರು ಎಲ್ಲರೂ ಅದರೊಳಗೆ ಬರ್ತಾರೆ. ಹತ್ತು ಜನರಿದ್ರೆ ಆಂತರಿಕ ಸಮಿತಿ ಬೇಕು, ಕಡಿಮೆ ಇದ್ರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಈ ಕಾಯ್ದೆಗೆ ದಾರಿ ಮಾಡಿದ 1997ರ ವಿಶಾಖ ತೀರ್ಪಿನ ಹಿಂದೆ ಇದ್ದವರು ರಾಜಸ್ಥಾನದ ಭಂವರಿ ದೇವಿ, ಊರಲ್ಲಿ ಬಾಲ್ಯವಿವಾಹ ತಡೆಯೋಕೆ ಹೋದ ಒಬ್ಬ ಕ್ಷೇತ್ರ ಕಾರ್ಯಕರ್ತೆ. ನಮ್ಮ ಅಕ್ಕನಂಥವರೇ.

2014ರಲ್ಲಿ ಮರಕುಂಬಿಯ ಕೇರಿಯ ಮೇಲೆ ದಾಳಿ ಆಯ್ತು. ಹತ್ತು ವರ್ಷ ಕಾದ್ವಿ. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಾಗ ನಾವೆಲ್ಲ ಇದೇ ಗೋಡೆ ಮೇಲೆ ಬರೆದ್ವಿ, ಕಾನೂನು ನಮ್ಮದೂ ಹೌದು ಅಂತ. ಊರ ಗೌಡರ ಎದುರು ಕಾನೂನು ಹಿಡಿಯೋ ನಮ್ಮ ಕೈ, ಕಚೇರಿಯೊಳಗಿನ "ಸರ್" ಎದುರು ಯಾಕೆ ನಡುಗ್ತದೆ?

ಸಂಗಾತಿಗಳೇ, ಮಾಡಬೇಕಾದ ಕೆಲಸ ಇಷ್ಟು. ನೇಮಕಾತಿ ಪತ್ರ ಕೇಳಿ ಪಡೀರಿ. ಗುರುತಿನ ಚೀಟಿ, ಪಾಸ್‌ಬುಕ್ಕು, ಡೈರಿ, ವಾಟ್ಸಾಪ್ ಆದೇಶಗಳ ಸ್ಕ್ರೀನ್‌ಶಾಟ್ ಜೋಪಾನ ಮಾಡ್ರಿ. ನಾಳೆ ಅವೇ ಸಾಕ್ಷಿ. ಓದದೆ ಸಹಿ ಹಾಕಬ್ಯಾಡ್ರಿ, ಕೇಳಿದವನು ನನ್ನಂಥವನಾದ್ರೂ. ನಾಲ್ಕು ತಾಲ್ಲೂಕಿನ ಕ್ಷೇತ್ರ ಕಾರ್ಯಕರ್ತರು ಒಂದು ಕಡೆ ಕೂಡೋಣ, ಒಂದು ಸಂಘ ಕಟ್ಟೋಣ. ನಿರ್ದೇಶಕರೇ, ನಿಮ್ಮನ್ನ ಶತ್ರು ಅಂತಿಲ್ಲ. ಲೆಕ್ಕ ತೆಗೆದು ಕೂಡ್ರಿ, ಕಂತಿನ ಮೇಲೆ ಕೊಟ್ರೂ ಮಾತಾಡೋಣ. ಸಲಹೆಗಾರರೇ, ಜನರನ್ನ ಉಳಿಸಿಕೊಳ್ಳೋ ದಾರಿ ಹೇಳ್ರಿ, ತಪ್ಪಿಸಿಕೊಳ್ಳೋ ದಾರಿ ಅಲ್ಲ.

ಬರೋ ಸೋಮವಾರ ಅಕ್ಕ ಮತ್ತು ನಾನು ಕೊಪ್ಪಳದ ಕಾರ್ಮಿಕ ಇಲಾಖೆ ಕಚೇರಿಗೆ ಗ್ರಾಚುಟಿ ಅರ್ಜಿ ಕೊಡೋಕೆ ಹೊರಟಿದ್ದೀವಿ. ಅರ್ಜಿ ಜೊತೆ ನನ್ನದೊಂದು ಹೇಳಿಕೆ ಲಗತ್ತಿಸ್ತಿದ್ದೀನಿ: ಕನ್ಸಲ್ಟಂಟ್ ಒಪ್ಪಂದಕ್ಕೆ ಇವರಿಂದ ಸಹಿ ಮಾಡಿಸಿದವನು ನಾನೇ, ಅದರಲ್ಲಿ ಏನಿದೆ ಅಂತ ಇವರಿಗೆ ಹೇಳಲಿಲ್ಲ, ಸಹಿ ಆದ ಮರುದಿನವೂ ಇವರು ಮಾಡಿದ್ದು ಹಿಂದಿನ ದಿನದ ಕೆಲಸವನ್ನೇ.

ಇದನ್ನ ಬರೆದು ಅಕ್ಕನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, "ಈ ಸಲ ನಾನೂ ಓದಿ ಸಹಿ ಹಾಕ್ತೀನಿ, ಕೊಡು" ಅಂದ್ರು.

ಯಾರ್ಯಾರು ಬರ್ತೀರಿ, ಕೆಳಗೆ ಹೇಳ್ರಿ.

ಜೈ ಭೀಮ್.